ಎಂತ ಇಲ್ಲ ಮೇಡಂ

ಮೊದಲು ಇದು ಆಟದ ಸಾಮಾನಿನ ಕೋಣೆ.
ಬಾಗಿಲ ಬೋರ್ಡು ಇನ್ನೂ ಅದೇ. ಪಿ.ಟಿ. ಮಾಸ್ಟ್ರು ಹೊಸ ಬ್ಲಾಕಿಗೆ ಹೋದರೂ
ಹರಿದ ಬಲೆಯೊಂದು, ಗಾಳಿ ಹೋದ ವಾಲಿಬಾಲು
ನನ್ನ ಮೇಜಿನ ಹಿಂದೆಯೇ ಉಳಿದಿವೆ.
ಮಂಗಳವಾರ, ಶುಕ್ರವಾರ ನಾನು ಬರುತ್ತೇನೆ.
ಸಂಬಳದ ಪಟ್ಟಿಯಲ್ಲಿ ಆಪ್ತಸಮಾಲೋಚಕಿ,
ಮಕ್ಕಳ ಬಾಯಲ್ಲಿ 'ತಲೆ ಮೇಡಂ'.

ಗೋಡೆಗೆ ಯಾರೋ ಕೊಟ್ಟ ಪಟ ಅಂಟಿಸಿದ್ದೇನೆ:
ಇಪ್ಪತ್ನಾಲ್ಕು ದುಂಡು ಮುಖ, ಒಂದೊಂದಕ್ಕೂ ಒಂದು ಹೆಸರು,
'ಇಂದು ನೀನು ಯಾವ ಮುಖ?' ಎಂದು ಕೆಳಗೆ.
ಎರಡು ವರ್ಷದಲ್ಲಿ ಯಾರೂ ಬೆರಳಿಟ್ಟು ತೋರಿಸಿಲ್ಲ.
ಒಬ್ಬ ಮಾತ್ರ ಒಂದಕ್ಕೆ ಮೀಸೆ ಬರೆದು ಹೋದ.

ಅವರ ಹತ್ತಿರ ಇರುವುದು ಒಂದೇ ಮಾತು.
ಕಿರುಪರೀಕ್ಷೆಯಲ್ಲಿ ಹದಿಮೂರು ಬಂದರೆ ಬೇಜಾರು,
ಗೆಳತಿ ಬಸ್ಸಿನಲ್ಲಿ ಬೇರೆಯವಳ ಪಕ್ಕ ಕೂತರೆ ಬೇಜಾರು,
ಅಪ್ಪ ಕುಡಿದು ಬಂದರೆ, ಬಾರದೇ ಇದ್ದರೆ,
ಅಜ್ಜಿ ತೀರಿಕೊಂಡ ಮೂರನೇ ದಿನ ನೀಟ್ ಕ್ಲಾಸಿನಲ್ಲಿ
ಹಲ್ಲಿಯ ಕಡಿದ ಬಾಲದ ಹಾಗೆ
ಮೊಣಕಾಲು ತನ್ನಷ್ಟಕ್ಕೆ ಕುಣಿದರೆ, ಬೇಜಾರು.
ಮನೆಯಲ್ಲಿ ಒಂದೇ ಪಾತ್ರೆ ಇದ್ದವರ ಹಾಗೆ
ಗಂಜಿಯೂ ಅದರಲ್ಲೇ, ಸಾರೂ ಅದರಲ್ಲೇ, ಮೀಯುವ ನೀರೂ.

ಮೋಕ್ಷಿತ್ ತಿಂಗಳಾಯ ಬಂದದ್ದು ಶಟಲ್ ಕೇಳಲು.
ಮಲ್ಪೆಯವನು. ಫಸ್ಟ್ ಪಿಯುಸಿ, ಸೈನ್ಸ್.
ಇಲ್ಲಿ ಇಲ್ಲ, ಹೊಸ ಬ್ಲಾಕಿಗೆ ಹೋಗು ಅಂದೆ.
ಹೋಗಲಿಲ್ಲ. ಬಾಗಿಲ ಚಿಲಕ ಮೇಲೆ ಮಾಡಿದ, ಕೆಳಗೆ ಮಾಡಿದ.
ಏನಾಯ್ತು?
ಎಂತ ಇಲ್ಲ ಮೇಡಂ.
ಎಂತ ಇಲ್ಲ ಅಂದರೆ?
ಎಂತ ಇಲ್ಲ. ಬೇಜಾರು.

ಪಟ ತೋರಿಸಲಿಲ್ಲ. ಆವತ್ತು ನನಗೂ ದಣಿವು.
ಅಪ್ಪ ಎಂತ ಮಾಡ್ತಾರೆ ಅಂತ ಕೇಳಿದೆ, ಏನೋ ಒಂದು ಕೇಳಬೇಕಲ್ಲ.
ಐಸ್ ಪ್ಲಾಂಟಿನಲ್ಲಿ. ರಜೆಯಲ್ಲಿ ತಾನೂ ಹೋಗುವುದುಂಟು.
ಹಾಗೆ ಶುರುವಾಯಿತು ಐಸಿನ ಮಾತು, ನಿಲ್ಲಿಸದೆ:
ಕ್ಯಾನಿನಿಂದ ಜಾರಿ ಬಿದ್ದ ಗಡ್ಡೆಯನ್ನು ತಟ್ಟಿದರೆ ಸದ್ದಿನಲ್ಲೇ ಗೊತ್ತಾಗುತ್ತದೆ
ಪೂರ್ತಿ ಕಟ್ಟಿದ್ದೋ, ಹೊಟ್ಟೆಯಲ್ಲಿ ನೀರು ಉಳಿದದ್ದೋ.
ಅವಸರದಲ್ಲಿ ತೆಗೆದದ್ದು ಕ್ರಷರಿಗೆ ಹಾಕಿದರೆ ಉಗುಳುತ್ತದೆ.
ಒಳ್ಳೆಯದು ಸುತ್ತ ಗಾಜಿನ ಹಾಗೆ, ಆಚೆ ನಿಂತವರ ಕೈ ಕಾಣುತ್ತದೆ,
ನಡುವೆ ಮಾತ್ರ ಉದ್ದಕ್ಕೆ ಬೆಳ್ಳಗೆ ಒಂದು ದಾರ.
ಅದೆಂತದು?
ಗಾಳಿ, ಮೇಡಂ. ಹೊರಗಿನಿಂದ ಕಟ್ಟುತ್ತಾ ಬರ್ತದಲ್ಲ,
ಗಾಳಿಗೆ ಹೋಗ್ಲಿಕ್ಕೆ ಜಾಗ ಇಲ್ಲ. ಒಳಗೆ ಹೋಗಿ ಕೂರ್ತದೆ.

ಅಷ್ಟು ಹೇಳಿ ಸುಮ್ಮನಾದ.
ಕಿಟಕಿಯಾಚೆ ಮಣಿಪಾಲದ ಬಸ್ಸು, ಕಂಡಕ್ಟರಿನ ಸೀಟಿ.
ನಾನೂ ಸುಮ್ಮನಿದ್ದೆ. ನನ್ನ ಕೆಲಸದಲ್ಲಿ ಕಷ್ಟದ್ದು ಅದೇ.
ಆಮೇಲೆ ಎದೆಯ ಮೇಲಲ್ಲ, ಸ್ವಲ್ಪ ಕೆಳಗೆ,
ಅಂಗಿಯ ಮೂರನೇ ಗುಂಡಿಯ ಹತ್ತಿರ ಬೆರಳಿಟ್ಟ:
ಇಲ್ಲಿ, ಮೇಡಂ. ಜುಲೈಯಿಂದ.

ಜುಲೈಯಿಂದ ಏನೆಂದು ಇಲ್ಲಿ ಬರೆಯುವುದಿಲ್ಲ.
ಅದು ಅವನದ್ದು.
ಹೆದರಿಕೆಗೆ ಹೆದರಿಕೆ ಅಂದ, ನಾಚಿಕೆಗೆ ನಾಚಿಕೆ;
ಒಂದಕ್ಕೆ ಕನ್ನಡ ಸಿಗದೆ ತುಳುವಿನಲ್ಲಿ ಹೇಳಿದ.
ನನ್ನ ಮನೆಮಾತು ಕೊಂಕಣಿ. ಆದರೂ ತಿಳಿಯಿತು.
ಗಂಟೆ ಹೊಡೆದಾಗ ಎದ್ದ.
ಹಗುರವಾಯಿತು ಅಂತಲ್ಲ, ಲ್ಯಾಬ್ ಉಂಟು ಅಂತ.
ಮುಂದಿನ ಮಂಗಳವಾರ ಬಂದ. ಶುಕ್ರವಾರ ಬರಲಿಲ್ಲ.
ಮತ್ತೆ ಬಂದ.

ಹೊಸ ಬೋರ್ಡು ಬರೆಸೋಣ, ಮೇಡಂ, ಎಂದರು ಪ್ರಿನ್ಸಿಪಾಲರು.
ಬೇಡ ಸಾರ್, ಇದೇ ಇರಲಿ ಅಂದೆ.
ಕಲ್ಸಂಕದ ಅಂಗಡಿಯಿಂದ ಎರಡು ಡಬ್ಬಿ ಶಟಲ್ ತಂದು
ಮೇಜಿನ ಕೆಳಗೆ ಇಟ್ಟಿದ್ದೇನೆ, ನನ್ನದೇ ದುಡ್ಡು.
ಇವತ್ತು ಇಬ್ಬರು ಕೇಳಿದರು.
ಒಬ್ಬಳು ತೆಗೆದುಕೊಂಡು ಓಡಿದಳು, ಅವಳಿಗೆ ಬೇಕಿದ್ದದ್ದು ಅದೇ.
ಇನ್ನೊಬ್ಬಳು ಬಾಗಿಲಲ್ಲೇ ನಿಂತು ಗರಿ ಎಣಿಸುತ್ತಿದ್ದಾಳೆ,
ಒಂಬತ್ತರವರೆಗೆ ಬಂದು
ಮತ್ತೆ ಒಂದರಿಂದ.